ಎರಡು ಬಾಕ್ಸಿಗೂ ಇನ್ನೂರ ನಲವತ್ತು

ನಿನ್ನೆ 248 ಇದ್ದ ನನ್ನ ಶೇರು ಮೊನ್ನೆ ಸೋಮವಾರ ಬೆಳಿಗ್ಗೆ ಮಾರ್ಕೆಟ್ ತೆರೆಯುತ್ತಲೇ ಸೀದಾ 221ಕ್ಕೆ ಬಿತ್ತು... ನಿನ್ನೆ ಅಂದರೆ ಅದರ ಹಿಂದಿನ ಶುಕ್ರವಾರ. ತಲೆ ಕೆಟ್ಟಿದೆ, ಕ್ಷಮಿಸಿ.

ನಾನು ಹೆದರಲಿಲ್ಲ. ರೇಟು 240ಕ್ಕೆ ಇಳಿದರೆ ತಾನಾಗಿಯೇ ಮಾರಿಹೋಗಲಿ ಅಂತ ಸ್ಟಾಪ್ ಲಾಸ್ ಹಾಕಿಟ್ಟಿದ್ದೆ, ಮಾರಿ ಹೋಗಿರುತ್ತದೆ ಅಂದುಕೊಂಡು ಆರ್ಡರ್ ತೆಗೆದು ನೋಡಿದೆ.

ಪೆಂಡಿಂಗ್!

ಅದು ಆಟದ ದುಡ್ಡಲ್ಲ. ಕಾಫಿ ತೋಟದ ಸ್ಪ್ರಿಂಕ್ಲರಿಗೆ ಹೊಸ ಪಂಪ್ ತೆಗೆಯಲು ಇಟ್ಟದ್ದು. ರೊಬಸ್ಟಾ ಗಿಡಗಳಲ್ಲಿ ಮೊಗ್ಗು ಬಂದು ನಿಂತಿದೆ, ಅದನ್ನು ಅರಳಿಸುವ ಹೂಮಳೆಯ ಸುಳಿವಿಲ್ಲ. ಈಗ ನೀರು ಹೊಡೆಯದಿದ್ದರೆ ಮುಂದಿನ ಫಸಲು ಮರೆತುಬಿಡಬೇಕು.

ಅಲ್ಲಿಯವರೆಗೆ ಬ್ಯಾಂಕಿನಲ್ಲಿ ಯಾಕೆ ಮಲಗಿರಬೇಕು ಅಂತ ಶೇರಿಗೆ ಹಾಕಿದವಳು ನಾನೇ.

ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ನಿಂತು ಮಾದಾಪುರದ ನಾದಿನಿ ಪ್ರೇಮಳಿಗೆ ಫೋನ್ ಮಾಡಿದೆ. ಈ ವ್ಯವಹಾರ ಕಲಿಸಿದವಳು ಅವಳು.

"ಅತ್ತಿಗೆ, ಟ್ರಿಗರ್ ಅಂತ ಒಂದು ಬಾಕ್ಸು, ಪ್ರೈಸ್ ಅಂತ ಒಂದು. ಎಷ್ಟೆಷ್ಟು ಹಾಕಿದ್ರಿ?"

"ಎರಡಕ್ಕೂ 240."

"ಅಯ್ಯೋ ದೇವ್ರೇ! 240ಕ್ಕೆ ಇಳಿದ್ರೆ ಮಾರು, ಆದ್ರೆ ಅದಕ್ಕಿಂತ ಕಡಿಮೆಗೆ ಕೊಡ್ಬೇಡ ಅಂದಂಗಾಯ್ತು. ರೇಟು ಆಗ್ಲೇ 221. ನಿಮ್ಗೆ 240 ಕೊಡೋರ್ ಯಾರು?"

"ಕಡಿಮೆಗೆ ಯಾಕೆ ಕೊಡ್ಲಿ? ದಾನ ಮಾಡಕ್ಕೆ ಕೂತಿದ್ದೀನಾ?"

"ಅದು ಕೊಡ್ಲಿಪೇಟೆ ಸಾಹುಕಾರ್ರ ಗೋಡೌನ್ ಅಲ್ಲ ಅತ್ತಿಗೆ!"

ಅಲ್ಲೇ ಎಡವಿದ್ದು ನಾನು.

ನಾವು ಕಾಫಿ ಕೊಡುವುದು ಹಾಗೆ. ಚೀಲಗಳನ್ನು ಆ ಸಾಹುಕಾರರಂಥ ವ್ಯಾಪಾರಿಯ ಗೋಡೌನಿಗೆ ಹಾಕಿ ಬರುತ್ತೇವೆ. ನಮಗೆ ಬೇಕಾದ ರೇಟು ಬಂದ ದಿನ ಲೆಕ್ಕ ಮುಗಿಸುತ್ತೇವೆ. ಇದಕ್ಕಿಂತ ಒಂದು ರೂಪಾಯಿ ಕಡಿಮೆಗೂ ಬೇಡ ಅಂದರೆ ಚೀಲ ಅಲ್ಲೇ ಇರುತ್ತದೆ.

ವರ್ಷಗಟ್ಟಲೆ ಅದೇ ಮಾಡಿದ ಕೈ, ಫೋನಿನಲ್ಲೂ ಅದನ್ನೇ ಒತ್ತಿತು. ಸ್ಟಾಪ್ ಲಾಸಿನಲ್ಲಿ 'ಮಾರ್ಕೆಟ್' ಅನ್ನುವುದನ್ನು ಒತ್ತಿದ್ದರೆ ಬೆಳಿಗ್ಗೆಯೇ 221ರ ಹತ್ತಿರ, ಸಿಕ್ಕ ರೇಟಿಗೆ ಮಾರಿಹೋಗುತ್ತಿತ್ತಂತೆ.

217... 214...

ಕಣದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೇನೆ. ಅಷ್ಟರಲ್ಲಿ ನಮ್ಮ ಯಜಮಾನರು ತೋಟದಿಂದ ಮೇಲೆ ಬಂದರು.

"ಪಂಪಿನ ಅಂಗಡಿಯವ್ನು ಯಾವಾಗ ಬರ್ತೀರಿ ಅಂತಾನೆ. ಏನ್ ಹೇಳ್ಲಿ?"

"ಸ್ವಲ್ಪ ಸುಮ್ನಿರಿ!"

"ನಾನ್ ಸುಮ್ನಿರ್ತೀನಿ ಮಾರಾಯ್ತಿ. ಮೊಗ್ಗು ಸುಮ್ನಿರ್ತದಾ ಕೇಳು."

ಮತ್ತೆ ಫೋನ್ ನೋಡಿದೆ. 219 ಆಯಿತು, ಏರುತ್ತದೆ ಅನ್ನಿಸಿತು. ತಕ್ಷಣ 212. ಪೆಂಡಿಂಗ್ ಇದ್ದದ್ದನ್ನು ಕ್ಯಾನ್ಸಲ್ ಮಾಡಿ, ಮಾರ್ಕೆಟ್ ಅಂತ ಒತ್ತಿಬಿಟ್ಟೆ.

211ಕ್ಕೆ ಮಾರಿಹೋಯಿತು.

ಹೊಸ ಪಂಪಿಗೆ ಸಾಲಲಿಲ್ಲ. ಸೆಕೆಂಡ್ ಹ್ಯಾಂಡ್ ಬಂದಿದೆ, ಕೆಮ್ಮಿ ಕೆಮ್ಮಿ ಓಡುತ್ತದೆ. ಆದರೂ ಬೆಳಿಗ್ಗೆಯಿಂದ ಮೊಗ್ಗಿನ ಮೇಲೆ ನೀರು ಬೀಳುತ್ತಿದೆ.

ಯಜಮಾನರು ಪಂಪಿನ ಪಕ್ಕ ಕೂತು ಪೈಪಿನ ಜಾಯಿಂಟು ಬಿಗಿಯುತ್ತಿದ್ದಾರೆ. ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ.

ಇದನ್ನು ಬರೆಯುತ್ತಿರುವುದು ಕಣದ ಅದೇ ಮೂಲೆಯಿಂದ. ಈಗ 226 ತೋರಿಸುತ್ತಿದೆ...

ಮಾರಿದ ಮೇಲೂ ಅದರ ರೇಟು ನೋಡದೆ ಇರಲು ನಿಮ್ಮಲ್ಲಿ ಯಾರಿಗಾದರೂ ಆಗಿದೆಯಾ?