ಒಲೆ ಹೊತ್ತಿಸುವ ಮೊದಲು

ಪಕ್ಕದ ಫ್ಲ್ಯಾಟ್‌ನ ತೆಲುಗು ಹುಡುಗ ನನ್ನ ಹತ್ತಿರ ಕನ್ನಡ ಕಲಿಯಲು ಬಂದಾಗ ಕೇಳಿದ ಮೊದಲ ಪ್ರಶ್ನೆಯೇ ವಿಚಿತ್ರವಾಗಿತ್ತು. "ಆಂಟಿ, ಕಾಫಿ ಬೇಡ ಅಂತ ಕನ್ನಡದಲ್ಲಿ ಹೇಗೆ ಹೇಳಬೇಕು? ಮನೆಯವರಿಗೆ ಬೇಜಾರಾಗಬಾರದು" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ನಾನು ರಜೆಯ ದಿನಗಳಲ್ಲಿ ನಮ್ಮ ಕಡೆಯವರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಅಮ್ಮಂದಿರು ಕಾರಿನಲ್ಲಿ ತಂದು ಇಳಿಸುತ್ತಾರೆ, ಮಕ್ಕಳು ಮುಖ ಊದಿಸಿಕೊಂಡು ಒಳಗೆ ಬರುತ್ತವೆ. "ಊಟ ಆಯ್ತಾ" ಎಂದರೆ "ಯೆಸ್ ಆಂಟಿ" ಎನ್ನುತ್ತವೆ. ಹೀಗಿರುವಾಗ ಹತ್ತೊಂಬತ್ತರ ಹುಡುಗನೊಬ್ಬ, ಅದೂ ನಮ್ಮ ಭಾಷೆಯವನಲ್ಲದವನು, ತಾನಾಗಿಯೇ ಬಂದು ಬಾಗಿಲಲ್ಲಿ ನಿಂತದ್ದು ನನಗೆ ದೊಡ್ಡ ಸೋಜಿಗ. ಕುತೂಹಲ ನನಗೆ ಹುಟ್ಟಿನಿಂದ ಬಂದ ಕಾಯಿಲೆ. ಲಿಫ್ಟ್‌ನಲ್ಲಿ ಯಾರ ಕೈಯಲ್ಲಿ ಚೀಲ ಕಂಡರೂ ಒಳಗೆ ಏನಿದೆ ಎಂದು ಊಹಿಸದೆ ನನಗೆ ಮೇಲೆ ಬರಲಾಗುವುದಿಲ್ಲ.

ಒಳಗೆ ಕೂರಿಸಿ ವಿಚಾರಿಸಿದೆ. ಅವರು ಮಾರ್ಮನ್ ಎಂಬ ಪಂಗಡದ ಕ್ರೈಸ್ತರಂತೆ. ರಾಜಮಂಡ್ರಿಯ ಕಡೆ ಅವನ ಅಜ್ಜನ ಕಾಲದಲ್ಲಿ ಸೇರಿದ ಮನೆತನ. ಅವರಲ್ಲಿ ಈ ವಯಸ್ಸಿನ ಹುಡುಗರು ಓದು, ಕೆಲಸ, ಸಿನಿಮಾ, ಗೆಳತಿಯರು ಎಲ್ಲ ಬದಿಗಿಟ್ಟು ಎರಡು ವರ್ಷ ತಮ್ಮ ನಂಬಿಕೆಯ ವಿಷಯವನ್ನು ಇತರರಿಗೆ ಹೇಳಲು ಹೋಗುತ್ತಾರೆ. ಎಲ್ಲಿಗೆ ಎಂದು ಆರಿಸಿಕೊಳ್ಳುವ ಹಾಗಿಲ್ಲ, ಹಿರಿಯರು ಹೇಳಿದ ಊರಿಗೆ ಹೊರಡುವುದು. ಇವನಿಗೆ ಬಂದದ್ದು ಬೆಂಗಳೂರು. ಪಾಸ್‌ಪೋರ್ಟ್ ಭಾರತದ್ದಾದರೂ ಹುಡುಗ ಹುಟ್ಟಿ ಬೆಳೆದದ್ದು ಅಬುಧಾಬಿಯಲ್ಲಿ. ಅಜ್ಜಿಯ ಫೋನಿಗೆ ಉತ್ತರಿಸುವಷ್ಟು ತೆಲುಗು ಬರುತ್ತಿತ್ತು, ಕನ್ನಡ ಒಂದಕ್ಷರವೂ ಇಲ್ಲ.

"ಕಾಫಿ ಯಾಕೆ ಬೇಡ?" ಎಂದೆ.

ಅವರು ಕಾಫಿ, ಚಹಾ, ಮದ್ಯ ಯಾವುದನ್ನೂ ಮುಟ್ಟುವುದಿಲ್ಲವಂತೆ. ನನಗೆ ಹಳೆಯದೊಂದು ಗಂಟು ಆಗ ಬಿಚ್ಚಿತು. ಅವರು ಪಕ್ಕಕ್ಕೆ ಬಂದ ಹೊಸತರಲ್ಲಿ ನಾನು ಗೋಳಿಬಜೆಯ ಜೊತೆ ಫ್ಲಾಸ್ಕಿನಲ್ಲಿ ಕಾಫಿ ಒಯ್ದಿದ್ದೆ. ಅವನ ಅಮ್ಮ ಗೋಳಿಬಜೆ ತೆಗೆದುಕೊಂಡು ನಗುತ್ತಲೇ ಫ್ಲಾಸ್ಕ್ ಹಿಂದಕ್ಕೆ ಕೊಟ್ಟಿದ್ದಳು. ಅಸಿಡಿಟಿ ಇರಬಹುದು ಎಂದರು ನನ್ನ ಗಂಡ. "ಮನೆಮಂದಿಗೆಲ್ಲ ಒಟ್ಟಿಗೆ ಅಸಿಡಿಟಿಯಾ?" ಎಂದು ಊರಿನಿಂದ ಫೋನಿನಲ್ಲಿ ಅತ್ತೆ ಕೇಳಿದ್ದರು. ಆಮೇಲೆ ನಮ್ಮ ನಡುವೆ ಇದ್ದದ್ದು ಲಿಫ್ಟಿನ ನಗು ಮಾತ್ರ. ಮೂಲೆಮೂಲೆಯಲ್ಲೂ ಕರಕ್ ಚಹಾ ಕುದಿಯುವ ಈ ಊರಿನಲ್ಲಿ ಒಂದು ಗುಟುಕೂ ಕುಡಿಯದೆ ಒಬ್ಬ ಮನುಷ್ಯ ಮೀಸೆ ಚಿಗುರುವವರೆಗೆ ಬೆಳೆದಿದ್ದಾನೆ ಎಂಬುದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಕಲಿಸಲು ಒಪ್ಪಿದೆ, ಆದರೆ ಒಂದು ಶರತ್ತು ಹಾಕಿದೆ. "ನನ್ನ ಮನೆಯಲ್ಲಿ ಧರ್ಮದ ಮಾತು ಬೇಡ. ಈ ದೇಶದಲ್ಲಿ ಅದನ್ನೆಲ್ಲ ಹೇಳಿಕೊಂಡು ತಿರುಗುವ ಹಾಗಿಲ್ಲ. ಯಾರಾದರೂ ಏನಾದರೂ ಅಂದರೆ ನಮ್ಮ ವೀಸಾ ಖಲಾಸ್."

"ನಮ್ಮವರೂ ಅದನ್ನೇ ಹೇಳಿದ್ದಾರೆ ಆಂಟಿ. ಇಲ್ಲಿ ಯಾರಿಗೂ ಹೇಳಲ್ಲ" ಎಂದ. ಅಷ್ಟು ಸಲೀಸಾಗಿ ಒಪ್ಪಿದ್ದು ಕಂಡು ನನಗೆ ಒಳಗೊಳಗೇ ಸ್ವಲ್ಪ ನಿರಾಸೆಯಾಯಿತು.

ಆಗ ಅತ್ತೆ ವಿಸಿಟ್ ವೀಸಾದಲ್ಲಿ ಉಡುಪಿಯಿಂದ ಬಂದಿದ್ದರು. ಟಿವಿ ಬೇಸರ, ಹೊರಗೆ ಬಿಸಿಲು, ಮಾತಿಗೆ ಜನವಿಲ್ಲ. ಹುಡುಗ ಬಂದ ಮೇಲೆ ಅವರ ಮುಖದಲ್ಲಿ ಕಳೆ ಬಂತು. ಇಂಥ ಹುಡುಗರನ್ನು ಅವರ ಪಂಗಡದಲ್ಲಿ 'ಎಲ್ಡರ್' ಎಂದು ಕರೆಯುತ್ತಾರೆ, ಅಂದರೆ ಹಿರಿಯರು ಎಂದು ನಾನು ವಿವರಿಸಿದಾಗ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅವನು ಬೆಲ್ ಒತ್ತಿದರೆ "ಹಿರಿಯರು ಬಂದರು, ಕುರ್ಚಿ ಹಾಕು" ಎನ್ನುತ್ತಿದ್ದರು.

ಕಾಫಿಯ ಪಾಠ ನಾನು ಸುಲಭ ಎಂದುಕೊಂಡಿದ್ದೆ. "ಈಗಷ್ಟೇ ಕುಡಿದು ಬಂದೆ" ಎಂದು ಹೇಳಿಕೊಟ್ಟೆ. ಅವನು ಎರಡು ಸಲ ಚೆನ್ನಾಗಿಯೇ ಹೇಳಿದ. ಅರ್ಥ ತಿಳಿದ ಮೇಲೆ ಮೂರನೆಯ ಸಲ ಹೇಳಲಿಲ್ಲ.

"ಆದರೆ ಅದು ಸುಳ್ಳು, ಆಂಟಿ."

"ಸುಳ್ಳಲ್ಲ ಮಾರಾಯ, ಅದು ಮರ್ಯಾದೆ" ಎಂದೆ. ನನಗೆ ರೇಗಿತ್ತು. ನಮ್ಮ ಕಡೆ ಅರ್ಧ ಮರ್ಯಾದೆ ನಿಂತಿರುವುದೇ ಇಂಥ ಮಾತುಗಳ ಮೇಲೆ. ಊಟ ಆಗದಿದ್ದರೂ ಆಯಿತು ಎನ್ನುತ್ತೇವೆ, ಹೊರಡಲು ತುದಿಗಾಲಲ್ಲಿ ನಿಂತಿದ್ದರೂ ಅವಸರವೇನಿಲ್ಲ ಎನ್ನುತ್ತೇವೆ. ಅವನು ತಲೆ ತಗ್ಗಿಸಿ ಮೆಲ್ಲನೆ ಇಂಗ್ಲಿಷಿನಲ್ಲಿ ಹೇಳಿದ: "ನಾನು ಹೋಗುವುದೇ ನನಗೆ ಸತ್ಯ ಅನಿಸಿದ್ದನ್ನು ಹೇಳಲಿಕ್ಕೆ. ಮನೆಯೊಳಗೆ ಕಾಲಿಟ್ಟ ಕೂಡಲೇ ಸುಳ್ಳು ಹೇಳಿದರೆ, ಆಮೇಲೆ ಹೇಳುವುದನ್ನು ಅವರು ಯಾಕೆ ನಂಬಬೇಕು?"

ಡಾಕ್ಟರು ಬೇಡ ಎಂದಿದ್ದಾರೆ ಎನ್ನು ಎಂದೆ, ಅದೂ ಸುಳ್ಳು. ವ್ರತ ಎನ್ನು ಎಂದೆ, ವ್ರತ ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ ಏನು ಹೇಳಲಿ ಎಂದ. ಅಲ್ಲಿಯವರೆಗೆ ಅಡುಗೆಮನೆಯಲ್ಲಿ ಬೀನ್ಸ್ ಮುರಿಯುತ್ತಿದ್ದ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತರು.

"ಬೇಡ ಅಂತ ಹೇಳುದು ತಪ್ಪಲ್ಲ ಮಗಾ. ಲೋಟ ಎದುರಿಗೆ ಬಂದ ಮೇಲೆ ಹೇಳ್ತೀಯಲ್ಲ, ಅದು ತಪ್ಪು. ಮಾಡಿದ ಕಾಫಿ ಒಳಗೆ ವಾಪಸ್ ಹೋಗ್ಬಾರ್ದು. ಹೇಳುದಿದ್ರೆ ಒಲೆ ಹೊತ್ತಿಸುವ ಮೊದಲೇ ಹೇಳು. ಮತ್ತೆ ಬರೀ ಬೇಡ ಅಂತ ನಿಲ್ಲಿಸ್ಬೇಡ. ಇನ್ನೊಂದು ಎಂತಾದ್ರೂ ಕೇಳು. ಬೆಲ್ಲ ನೀರು ಕೇಳು."

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಈಗ ಅದನ್ನು ಕೊಡುವವರೂ ಕಡಿಮೆ, ಕೇಳುವವರಂತೂ ಇಲ್ಲ. ನಾನು ಎಲ್ಲವನ್ನೂ ಅವನಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ಅತ್ತೆ ತಮ್ಮ ಪೆಟ್ಟಿಗೆಯಿಂದ ಊರಿನ ಬೆಲ್ಲ ತೆಗೆದು ಕೊಟ್ಟರು. ಹುಡುಗ ಕಚ್ಚಿ, ನೀರು ಕುಡಿದು, ಕಣ್ಣರಳಿಸಿದ.

ಆಮೇಲೆ ಪಾಠವೆಂದರೆ ನಾಟಕ. ಹುಡುಗ ಕಾರಿಡಾರಿಗೆ ಹೋಗಿ ಬೆಲ್ ಒತ್ತುವುದು, ಅತ್ತೆ ಬಾಗಿಲು ತೆಗೆಯುವುದು. ಬೆಂಗಳೂರಿನಲ್ಲಿ ಕಂಡಕಂಡವರ ಬಾಗಿಲು ತಟ್ಟುವ ಹಾಗಿಲ್ಲವಂತೆ, ಪರಿಚಯದವರು ಕರೆದ ಮನೆಗೆ ಹೋಗುವುದಂತೆ. ಅದೂ ಒಬ್ಬನೇ ಹೋಗುವಂತಿಲ್ಲ, ಯಾವಾಗಲೂ ಜೊತೆಗೊಬ್ಬ ಇರಲೇಬೇಕು. ಜೊತೆಗಾರನ ಪಾತ್ರ ನನ್ನ ಗಂಡನದು. ಅವರು ಸೋಫಾದಲ್ಲಿ ಕೂತ ಸ್ವಲ್ಪ ಹೊತ್ತಿಗೇ ಗೊರಕೆ ಹೊಡೆಯುತ್ತಿದ್ದರು.

ಹುಡುಗ ನಮಸ್ಕಾರ ಹೇಳುತ್ತಿದ್ದ. "ಅಮ್ಮ, ನಾವು ಕಾಫಿ ಕುಡಿಯುವುದಿಲ್ಲ, ಸ್ವಲ್ಪ ಬೆಲ್ಲ ನೀರು ಕೊಡ್ತೀರಾ" ಎನ್ನುತ್ತಿದ್ದ. ಆರೋಗ್ಯ ವಿಚಾರಿಸುತ್ತಿದ್ದ, ಮಕ್ಕಳು ಎಲ್ಲಿದ್ದಾರೆ ಎಂದು ಕೇಳುತ್ತಿದ್ದ. ಅತ್ತೆ ಇಲ್ಲದ ಮಕ್ಕಳನ್ನೆಲ್ಲ ಹುಟ್ಟಿಸಿ ಮಂಡಿನೋವು, ನಾದಿನಿಯ ಕಾಟ ಎಲ್ಲ ಹೇಳುತ್ತಿದ್ದರು. ಕೊನೆಗೆ ಅವನು ನೆಟ್ಟಗೆ ಕೂತು, "ಅಮ್ಮ, ನಿಮಗೆ ಒಂದು ವಿಷಯ ಹೇಳಬೇಕು ಅಂತ ಬಂದಿದ್ದೇನೆ" ಎನ್ನುತ್ತಿದ್ದ. ಅಲ್ಲಿಗೆ ನಿಲ್ಲಿಸುತ್ತಿದ್ದ. "ಮುಂದಿನದು ಇಲ್ಲಿ ಹೇಳೋ ಹಾಗಿಲ್ಲ" ಎಂದು ನನ್ನ ಕಡೆ ನೋಡುತ್ತಿದ್ದ.

ಪ್ರತಿ ಸಲವೂ ಅಲ್ಲಿಗೇ. ಶರತ್ತು ಹಾಕಿದವಳು ನಾನೇ, ಆದರೆ ರಾತ್ರಿ ಪಾತ್ರೆ ತೊಳೆಯುವಾಗ ಆ ವಿಷಯ ಏನಿರಬಹುದು ಎಂದು ತಲೆ ಕೆರೆದುಕೊಳ್ಳುತ್ತಿದ್ದವಳೂ ನಾನೇ. ಹತ್ತೊಂಬತ್ತರ ಹುಡುಗ ಎರಡು ವರ್ಷ ಮನೆ ಬಿಟ್ಟು ಹೇಳಲು ಹೋಗುವ ವಿಷಯವೆಂದರೆ ಅದು ಚಿಕ್ಕದಿರಲಾರದು. ಮೊಬೈಲಿನಲ್ಲಿ ಹುಡುಕಬಹುದಿತ್ತು. ಅವರ ಬಗ್ಗೆ ಬೇರೆಯವರು ಬರೆದದ್ದು ನನಗೆ ಬೇಕಿರಲಿಲ್ಲ, ಈ ಹುಡುಗನ ಬಾಯಲ್ಲಿ ಬರುವುದು ಏನು ಎಂಬುದು ಬೇಕಿತ್ತು.

ಕೊನೆಯ ಪಾಠದ ದಿನ ಅತ್ತೆಗೆ ತಾಳ್ಮೆ ತಪ್ಪಿತು. "ಅದೆಂತ ವಿಷಯ ಹೇಳಿಬಿಡು ಮಗಾ. ನಾನೆಂತ ಪೊಲೀಸಿಗೆ ಹೇಳ್ತೇನಾ?"

ಹುಡುಗ ನನ್ನ ಮುಖ ನೋಡಿದ. ನಾನು ಬೇಡ ಎಂದು ತಲೆಯಾಡಿಸಿದೆ. "ಅಜ್ಜಿ, ಎರಡು ವರ್ಷ ಬಿಟ್ಟು ಬರ್ತೇನೆ. ನೀವು ಎಲ್ಲಿದ್ದರೂ ಅಲ್ಲಿಗೆ ಬಂದು ಹೇಳ್ತೇನೆ" ಎಂದ.

"ಅಷ್ಟೊತ್ತಿಗೆ ನಾನೇ ಮೇಲೆ ಹೋಗಿ ಕೇಳಿರ್ತೇನೆ" ಎಂದು ಅತ್ತೆ ನಕ್ಕರು.

ಬಿಳಿ ಅಂಗಿ, ಕಪ್ಪು ಪ್ಯಾಂಟು, ಟೈಗಾಗಿ ಹುಡುಗ ಮತ್ತು ಅವನ ಅಮ್ಮನ ಜೊತೆ ನಾನೂ ಹಮ್ದಾನ್ ಸ್ಟ್ರೀಟಿನ ಅಂಗಡಿಗಳನ್ನು ಸುತ್ತಿದೆ. ಅವಳು ಅಂಗಿಗಳನ್ನು ಅಳೆಯುವ ನೆಪದಲ್ಲಿ ಮಗನ ಬೆನ್ನು ಸವರುತ್ತಿದ್ದಳು. ವಾರಕ್ಕೊಮ್ಮೆ ಮಾತ್ರ ಮನೆಗೆ ಫೋನ್ ಎಂದು ಹೇಳುವಾಗ ಅವಳ ದನಿ ಸಣ್ಣದಾಯಿತು. ಆ ಮಧ್ಯಾಹ್ನ ಅವಳ ಜೊತೆ ಜ್ಯೂಸ್ ಕುಡಿದೆ, ಫ್ಲಾಸ್ಕಿನ ಸಿಟ್ಟು ಅಲ್ಲಿಗೆ ಪೂರ್ತಿ ಇಳಿಯಿತು.

ಅವನು ಹೋದ. ವೀಸಾ ಮುಗಿದು ಅತ್ತೆಯೂ ಉಡುಪಿಯಲ್ಲಿರುವ ಮಗಳ ಮನೆಗೆ ಮರಳಿದರು. ನಮ್ಮ ಪ್ರತಿ ಫೋನಿನಲ್ಲೂ, ಮಗನ ಬಿಪಿ, ಮೊಮ್ಮಗಳ ಪರೀಕ್ಷೆ ಎಲ್ಲ ಕೇಳಿಯಾದ ಮೇಲೆ, "ನಮ್ಮ ಹಿರಿಯರ ಸುದ್ದಿ ಎಂತ? ಆ ವಿಷಯ ಯಾರಿಗಾದ್ರೂ ಹೇಳಿದನಾ?" ಎಂಬ ಪ್ರಶ್ನೆ ಇರುತ್ತಿತ್ತು. ಪಕ್ಕದ ಮನೆಯವಳಿಂದ ತಿಳಿದದ್ದನ್ನು ನಾನು ದಾಟಿಸುತ್ತಿದ್ದೆ. ಎರಡನೆಯ ವರ್ಷದ ಮಳೆಗಾಲದಲ್ಲಿ ಅತ್ತೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನಾವು ಸಿಕ್ಕಿದ ವಿಮಾನದಲ್ಲಿ ಹೋದೆವು. ಅವರು ಸೊಸೆಗೆ ಬೈದದ್ದೂ ಉಂಟು, ಆದರೆ ನನ್ನ ಜೊತೆ ಅಷ್ಟು ನಕ್ಕವರು ಬೇರೆ ಯಾರೂ ಇಲ್ಲ. ಅವರ ದನಿಯಿಲ್ಲದ ಫೋನನ್ನು ಸಹಿಸಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಹುಡುಗ ಮರಳಿದಾಗ ಅಬುಧಾಬಿಗೆ ಚಳಿ ಬಂದಿತ್ತು. ಮೊದಲ ವಾರದಲ್ಲೇ ನಮ್ಮ ಬೆಲ್ ಒತ್ತಿದ. "ಏನ್ ಆಂಟಿ, ಚೆನ್ನಾಗಿದೀರಾ?" ಎಂದ. ನಾನು ಕಲಿಸಿದ 'ಎಂತ' ದಾರಿಯಲ್ಲಿ ಎಲ್ಲೋ ಬಿದ್ದುಹೋಗಿ ಬೆಂಗಳೂರಿನ 'ಏನ್' ಬಂದಿತ್ತು. ಗಲ್ಲ ಒಳಗೆ ಹೋಗಿತ್ತು, ಕೈಯಾಡಿಸಿ ಮಾತಾಡುವುದನ್ನು ಕಲಿತಿದ್ದ. ನಾನು ಅಡುಗೆಮನೆಯ ಕಡೆ ತಿರುಗುವ ಮೊದಲೇ "ಬೆಲ್ಲ ನೀರು ಸಾಕು" ಎಂದ.

ಬೆಲ್ಲ ನೀರಿನ ಉಪಾಯ ಎಲ್ಲ ಕಡೆ ನಡೆಯಲಿಲ್ಲವಂತೆ. ಒಂದು ಮನೆಯಲ್ಲಿ ಬೆಲ್ಲ ಎಂದ ಕೂಡಲೇ, ಪಾಪ ಶುಗರ್ ಇಳಿದಿದೆ ಎಂದು ಗಾಬರಿಯಾಗಿ ಮಲಗಿಸಿ ಫ್ಯಾನ್ ಹಾಕಿದರಂತೆ. ಇನ್ನೊಂದು ಮನೆಯಲ್ಲಿ ಬೆಲ್ಲವಿಲ್ಲವೆಂದು ಯಜಮಾನರೇ ಅಂಗಡಿಗೆ ಓಡಿದರಂತೆ. ಅವನ ಜೊತೆಗಾರ ಚೆನ್ನೈ ಕಡೆಯವನು, "ನೀನು ಸುಮ್ಮನೆ ನೀರು ಕೇಳು" ಎಂದು ಕಾಲು ತುಳಿಯುತ್ತಿದ್ದನಂತೆ. "ಆದ್ರೆ ಒಲೆ ಹೊತ್ತಿಸೋಕೆ ಮುಂಚೆ ಹೇಳು ಅಂದ್ರಲ್ಲ ಅಜ್ಜಿ, ಅದು ಒಂದು ಮನೇಲೂ ತಪ್ಪಲಿಲ್ಲ. ಯಾರೂ ಬೇಜಾರ್ ಮಾಡ್ಕೊಂಡಿಲ್ಲ" ಎಂದ.

"ಆ ವಿಷಯ ಕೇಳಿದರಾ?"

"ಕೆಲವರು ಕೇಳಿದ್ರು. ಜಾಸ್ತಿ ಜನ ಊಟ ಹಾಕಿ ಕಳಿಸಿದ್ರು."

ಅತ್ತೆಯ ಸುದ್ದಿ ಅವನಿಗೆ ಅಮ್ಮನಿಂದ ತಿಳಿದಿತ್ತು. ಲೋಟ ಕೆಳಗಿಟ್ಟ. "ಅಜ್ಜಿಗೆ ಬಂದು ಹೇಳ್ತೀನಿ ಅಂದಿದ್ದೆ" ಎಂದ. ಅವನ ಕಣ್ಣು ಕೆಂಪಾಗಿತ್ತು.

ನಾನು ಎದ್ದು ಹೋಗಿ ಬಾಗಿಲು ಹಾಕಿದೆಯೋ ಎಂದು ನೋಡಿ ಬಂದು ಕೂತೆ. "ಈಗ ನಾನಾಗಿಯೇ ಕೇಳ್ತಾ ಇದ್ದೇನೆ. ಶರತ್ತು ಗಿರತ್ತು ಮಾಫಿ. ಎಂತ ಅದು?"

ಅವನು ಅಂದಿನಂತೆಯೇ ನೆಟ್ಟಗೆ ಕೂತ. "ನಾವು ನಂಬೋದು ಬೇಕಾದಷ್ಟಿದೆ ಆಂಟಿ. ಅಜ್ಜಿಗೆ ಹೇಳಬೇಕು ಅಂತಿದ್ದಿದ್ದು ಒಂದೇ. ಮನೆಯವರು ಸತ್ತ ಮೇಲೂ ಮನೆಯವರಾಗೇ ಇರ್ತಾರೆ. ಗಂಡ ಹೆಂಡತಿ, ಅಮ್ಮ ಮಕ್ಕಳು, ಅತ್ತೆ ಸೊಸೆ. ಆ ಸಂಬಂಧ ಇಲ್ಲಿಗೆ ಮುಗಿಯಲ್ಲ. ಮತ್ತೆ ಒಟ್ಟಿಗೆ ಇರ್ತೀವಿ."

ಇಷ್ಟೇನಾ ಎನಿಸಿತು ಮೊದಲು. ವರ್ಷಕ್ಕೊಮ್ಮೆ ಸತ್ತವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಂದೆ ಮಾಡಿ ಹೊರಗೆ ಕಾಯುವ ಮನೆಯವಳು ನಾನು. ನಮ್ಮವರು ಎಲ್ಲಿಗೂ ಹೋಗಿಲ್ಲ ಎಂದು ನನಗೆ ಹೊಸದಾಗಿ ಯಾರೂ ಹೇಳಬೇಕಾಗಿಲ್ಲ. ನಂಬಿಕೆ ಬದಲಾಯಿತೇ ಎಂದರೆ ಇಲ್ಲ. ಆದರೆ ಅತ್ತೆ ಸೊಸೆ ಎಂಬ ಮಾತು ಆ ಹುಡುಗನ ಬಾಯಲ್ಲಿ, ನಾನೇ ಕಲಿಸಿದ ಭಾಷೆಯಲ್ಲಿ ಕೇಳಿದಾಗ ಅತ್ತೆ ಕೂರುತ್ತಿದ್ದ ಜಾಗದ ಕಡೆ ತಿರುಗಿ ನೋಡಿದೆ.

"ಅತ್ತೆ ಇದ್ದಿದ್ರೆ, ಅಲ್ಲಿ ಕಾಫಿ ಉಂಟಾ ಅಂತ ಕೇಳ್ತಿದ್ರು" ಎಂದೆ.

ಅವನು ನಗಲಿಲ್ಲ, ನಿಜವಾಗಿಯೂ ಯೋಚಿಸಿದ. "ಗೊತ್ತಿಲ್ಲ ಆಂಟಿ" ಎಂದ. ಈಗಲೂ ಸುಳ್ಳು ಹೇಳಲು ಬರುತ್ತಿರಲಿಲ್ಲ. ನಾನು ನಗುತ್ತ ನಗುತ್ತ ಅತ್ತುಬಿಟ್ಟೆ.

ಈ ವರ್ಷ ಅತ್ತೆಯ ತಿಥಿಗೆ ಊರಿಗೆ ಹೋಗಲಾಗಲಿಲ್ಲ. ಇಲ್ಲಿಯೇ, ಸೂಪರ್‌ಮಾರ್ಕೆಟ್ಟಿನಿಂದ ಬಾಳೆಎಲೆ ತಂದು, ಬಡಿಸಿದೆ. ಸೌತೆಕಾಯಿ ಹುಳಿ, ಪಾಯಸ, ಎಲೆಯ ಬಲಕ್ಕೆ ಸ್ಟೀಲಿನ ಲೋಟದಲ್ಲಿ ಸಕ್ಕರೆ ಜಾಸ್ತಿ ಹಾಕಿದ ಕಾಫಿ. ಎಲ್ಲರೂ ಕೈಮುಗಿದು ಹೊರಗೆ ಹೋದ ಮೇಲೆ ನಾನೊಬ್ಬಳೇ ಹಿಂದೆ ಉಳಿದೆ. ಅವರ ಎಲೆಯ ಎದುರು ಕೂತು, ಆ ಹುಡುಗ ಹೇಳಿದ್ದನ್ನು ಒಂದಕ್ಷರ ಬಿಡದೆ ನಮ್ಮ ಮನೆಮಾತಾದ ತುಳುವಿನಲ್ಲಿ ಹೇಳಿದೆ. ಕಾಫಿ ಆರುವ ಮೊದಲು ಹೇಳಿ ಮುಗಿಸಿದೆ.