ಉತ್ತರ ಗೋಡೆಯ ಬಿಳಿ ಕಲ್ಲು

೧೧೮೯ರಲ್ಲಿ ಕಟ್ಟಿ ೧೫೮೪ರಲ್ಲಿ ಸುಟ್ಟ ಕಿಲ್‌ಬ್ರಾನಾ ಸನ್ಯಾಸಿಮಠದಲ್ಲಿ ಉಳಿದದ್ದು ಅರ್ಧ ಗೋಪುರ, ಕೆತ್ತನೆಯ ಒಂದು ಬಾಗಿಲು ಮತ್ತು ಸುತ್ತುಗೋಡೆ. ಅದರ ಕೀಲಿಕೈ ೧೯೦೯ರಿಂದ ಡೀಲಿಯಾ ಗಾವಹನಳ ಸೊಂಟದಲ್ಲಿತ್ತು. ಬಂದವರಿಗೆ ಗೋಪುರ ತೋರಿಸುವುದು, ನುಗ್ಗಿದ ಕುರಿಗಳನ್ನು ಅಟ್ಟುವುದು ಅವಳ ಕೆಲಸ. ದಿನಕ್ಕೊಮ್ಮೆ ಉತ್ತರ ಗೋಡೆಯಾಚೆ ಹೋಗಿ ನಿಲ್ಲುವ ಕೆಲಸವನ್ನು ಮಾತ್ರ ಯಾರೂ ವಹಿಸಿರಲಿಲ್ಲ.

೧೯೧೧ರ ಮಾರ್ಚ್ ೩, ಶುಕ್ರವಾರ, ಅವಳ ಗಂಡುಕೂಸು ಸತ್ತೇ ಹುಟ್ಟಿತು. ಜ್ಞಾನಸ್ನಾನದ ಸಂಸ್ಕಾರವಾಗದ ಕೂಸಿಗೆ, ಚರ್ಚಿನ ಕಟ್ಟಳೆಯಂತೆ, ಗೋಡೆಯೊಳಗಿನ ಸ್ಮಶಾನದ ಪವಿತ್ರ ನೆಲದಲ್ಲಿ ಜಾಗವಿಲ್ಲ. ಗಂಡ ಫೆಸ್ಟಸ್ ಅದನ್ನು ಮೇಣದಬತ್ತಿಯ ಪೆಟ್ಟಿಗೆಯಲ್ಲಿಟ್ಟು, ಊರಿನ ಅಂಥ ಕೂಸುಗಳೆಲ್ಲ ಮಲಗಿದ್ದ ಗೋಡೆಯಾಚೆಯ ಹುಲ್ಲಿನಲ್ಲಿ ಹೂತ. ಹೆಸರಿಲ್ಲ; ಗುರುತಿಗೆ ಸಮುದ್ರದಂಡೆಯ ಬಿಳಿ ಕಲ್ಲೊಂದೇ. ಅಲ್ಲಿದ್ದ ಒಂಟಿ ಮುಳ್ಳುಮರದಿಂದ ಮೂರನೆಯ ಕಲ್ಲು ಅವಳ ಕೂಸಿನದು. ಒಟ್ಟು ಮೂವತ್ತೇಳಿದ್ದವು. ಅವುಗಳ ಮಾತೆತ್ತುವುದು ಊರಿಗೆ ನಾಚಿಕೆ, ಹೆತ್ತವರೂ ಎತ್ತುತ್ತಿರಲಿಲ್ಲ.

೧೯೩೭ರ ಜೂನ್ ೧೪, ಸೋಮವಾರ, ಗೋಡೆಯ ದುರಸ್ತಿಗೆಂದು ಡಬ್ಲಿನ್‌ನಿಂದ ಮೇಲ್ವಿಚಾರಕನೊಬ್ಬ ಬಂದ. ಊರಿನ ಹನ್ನೊಂದು ಗಂಡಸರು ಕೂಲಿಗೆ ನಿಂತರು, ಫೆಸ್ಟಸ್ ಕೂಡ.

"ಆಚೆ ಬಿದ್ದಿರೋ ಬಿಳಿ ಕಲ್ಲು ಬಿರುಕಿಗೆ ಚೆನ್ನಾಗಿ ಕೂರ್ತವೆ. ಯಾರದ್ದಾದ್ರೂ ತಕರಾರಿದೆಯಾ?" ಎಂದು ಅವನು ಕೇಳಿದ.

ಹನ್ನೊಂದೂ ಜನ ತಂತಮ್ಮ ಬೂಟು ನೋಡಿಕೊಂಡರು.

"ಕೀಲಿಯಮ್ಮನ್ನ ಕೇಳಿ ಸ್ವಾಮಿ," ಎಂದು ಹಲ್ಲು ಕಿರಿದ ಗಾರೆ ಕೆಲಸದ ಹ್ಯಾನ್ರಟಿ. "ಇಲ್ಲಿನ ಕಲ್ಲೆಲ್ಲ ಅವಳ ಮಕ್ಕಳಿದ್ದಂಗೆ."

ಒಂದಿಬ್ಬರು ನಕ್ಕರು. ಮೇಲ್ವಿಚಾರಕ ಡೀಲಿಯಾಳ ಕಡೆ ತಿರುಗಿದ. ಬೇಡ ಅನ್ನುವ ಒಂದು ಮಾತು ಸಾಕಿತ್ತು.

"ಬಾಯಿಗೂ ತುಕ್ಕು ಹಿಡೀತೇನೇ?" ಎಂದ ಫೆಸ್ಟಸ್, ಅವಳ ಮುಖ ನೋಡದೆ. "ತಗೊಳ್ಳಿ ಅನ್ನು, ಹೊತ್ತು ಹೋಗ್ತಿದೆ."

"ತಗೊಳ್ಳಿ," ಎಂದಳು. "ಬರೀ ಕಲ್ಲು."

ಮುಳ್ಳುಮರದಿಂದ ಮೂರನೆಯದನ್ನು ಹೊತ್ತವನು ಫೆಸ್ಟಸ್ಸೇ. ನಾಲ್ಕು ಗಂಟೆಯೊಳಗೆ ಮೂವತ್ತೇಳೂ ಗೋಡೆ ಸೇರಿದವು. ಮೇಲೆ ಸುಣ್ಣದ ಗಾರೆ ಬಿತ್ತು. ಮರುದಿನ ಮುಳ್ಳುಮರವನ್ನೂ ಕಡಿದು ನೆಲವನ್ನು ಸಮಮಾಡಿದರು.

ಅಂದಿನಿಂದ ಹದಿನಾಲ್ಕು ವರ್ಷ ಡೀಲಿಯಾ ದಿನವೂ ಅಲ್ಲಿಗೆ ಹೋದಳು. ದಿನವೂ ಬೇರೆ ಬೇರೆ ಜಾಗದಲ್ಲಿ ನಿಂತಳು. ಕೊನೆಯ ಕಾಯಿಲೆಯಲ್ಲಿ, ತನ್ನನ್ನು ಗೋಡೆಯಾಚೆ ಹೂಳಿ ಎಂದು ಪಾದ್ರಿಯನ್ನು ಬೇಡಿದಳು.

"ಅಲ್ಲೇನಿದೆ ಡೀಲಿಯಾ? ಬರೀ ಹುಲ್ಲು," ಎಂದರು ಅವರು, ಅಕ್ಕರೆಯಿಂದಲೇ. "ನಲವತ್ತೆರಡು ವರ್ಷ ಕೀಲಿ ಕಾದವಳಮ್ಮ ನೀನು. ಒಳಗೆ ಗೌರವದಿಂದ ಮಲಗು."

೧೯೫೧ರ ನವೆಂಬರ್ ೯ರಂದು ಸತ್ತ ಅವಳನ್ನು ಮೂರನೆಯ ದಿನ ಗೋಪುರದ ಬುಡದಲ್ಲಿ, ಸಕಲ ಮರ್ಯಾದೆಯೊಡನೆ ಹೂತರು. ಅವಳಿಗೂ ಕೂಸಿಗೂ ನಡುವೆ ಉತ್ತರ ಗೋಡೆ. ಹ್ಯಾನ್ರಟಿಯ ಕೈಗೆಲಸ ಗಟ್ಟಿ; ಇಂದಿಗೂ ಅದು ಬಿರುಕು ಬಿಟ್ಟಿಲ್ಲ.