ಮಾಸ್ಕ್ ಹಾಕಿದ ಬಾಯಿ

ನಮ್ಮ ದಕ್ಷಿಣಾಮೂರ್ತಿಯವರ ಬಾಯಿಗೆ ಬೀಗ ಹಾಕುವವರು ಈ ತೆಲುಗು ಸೀಮೆಯ ಪರವಾಡದಲ್ಲಿ ಇನ್ನೂ ಹುಟ್ಟಿಲ್ಲ. ಹಂದಿಜ್ವರ ಹಬ್ಬಿದಾಗಿನಿಂದ ನಮ್ಮ ಮಾಸ್ಕ್ ಕಾರ್ಖಾನೆ ಹಗಲೂ ರಾತ್ರಿ ಓಡುತ್ತಿದೆ. ವಿಜಯವಾಡದ ಆಸ್ಪತ್ರೆಗಳಿಗೆ ಹೊರಡಬೇಕಾದ ಲಾರಿ ಗೇಟಿನಲ್ಲಿ ಹಾರನ್ ಹೊಡೆಯುತ್ತಿದೆ. ಸರಕು ಕಳಿಸಬೇಕಾದ ನಾನು ತಲೆ ಚಚ್ಚಿಕೊಳ್ಳುತ್ತಿದ್ದೇನೆ. ತಪಾಸಣೆಯ ಈ ಮಹಾನುಭಾವರು ಮಾತ್ರ ಪ್ರತಿ ಲಾಟಿನ ರಾಶಿಯಿಂದ ಒಂದು ಮಾಸ್ಕ್ ಎತ್ತಿ, ಮೂಗಿಗೇರಿಸಿ, ಮಾತು ಶುರುವಿಟ್ಟುಕೊಳ್ಳುತ್ತಾರೆ. ಸಿಂಹಾಚಲದ ದೇವಸ್ಥಾನದ ಕ್ಯೂ, ಗೋಂಗೂರ ಸೊಪ್ಪಿನ ಹುಳಿ, ಭಾವಮೈದುನನ ಮಂಡಿನೋವು, ಯಾವುದನ್ನೂ ಬಿಡುವುದಿಲ್ಲ. ಕೇಳುವವರು ತಪ್ಪಿಸಿಕೊಂಡರೆ ಯಂತ್ರಕ್ಕೇ ಹೇಳುತ್ತಾರೆ. ಮಾತಿನ ಭರದಲ್ಲಿ ಮಾಸ್ಕ್ ಕೂದಲೆಳೆಯಷ್ಟು ಜಾರಿದರೂ ಇಡೀ ಲಾಟು ವಾಪಸ್ಸು. "ಸಾರ್, ಒಂದ್ಸಲ ಬಾಯಿ ಮುಚ್ಕೊಂಡು ನೋಡಿ, ಸರಿಯಾಗೇ ಕೂರುತ್ತೆ" ಎಂದು ಕೈಮುಗಿದರೆ, "ಅಲ್ಲ ಕಣಯ್ಯಾ, ನರ್ಸಮ್ಮ ರೋಗಿ ಮುಂದೆ ಮೂಗಿ ಥರ ನಿಂತಿರ್ತಾಳಾ? ಹೆದರಿದೋರಿಗೆ ಧೈರ್ಯ ಹೇಳೋದು ಬೇಡ್ವಾ?" ಎಂದು ಮತ್ತೊಂದು ಕತೆ ತೆಗೆಯುತ್ತಾರೆ. ನಮ್ಮ ಕಿವಿಗಳು ತೂತು ಬಿದ್ದುಹೋಗಿವೆ. ಕಳೆದ ಭಾನುವಾರ ಅವರ ಮನೆಗೆ ಹೋದಾಗ, ತೆಲುಗು ಮನೆಯಿಂದ ಬಂದ ಅವರ ಹೆಂಡತಿ ರಾಜ್ಯಶ್ರೀಯವರ ಮುಂದೆ ಈ ಗೋಳನ್ನೆಲ್ಲ ತೋಡಿಕೊಂಡೆ. ಅವರು ನಂಬಲೇ ಇಲ್ಲ. "ಯಾರು, ನಮ್ಮೋರಾ ಅಂಡಿ? ಮದುವೆ ಆಗಿ ಇಷ್ಟು ವರ್ಷ ಆಯ್ತು, ಕಾಫಿ ಬೇಕು ಅನ್ನೋದನ್ನೂ ಲೋಟ ತೋರಿಸೇ ಹೇಳ್ತಾರೆ." ಹಿತ್ತಿಲ ನಲ್ಲಿಯ ಬಳಿ ದಕ್ಷಿಣಾಮೂರ್ತಿಯವರು ವಾರವಿಡೀ ಮಾತಾಡಿ ಕಟ್ಟಿದ ಗಂಟಲಿಗೆ ಬಿಸಿ ಉಪ್ಪುನೀರು ಹಾಕಿ ಮುಕ್ಕಳಿಸುತ್ತಿದ್ದರು; ನನ್ನನ್ನು ನೋಡಿ ತಲೆಯಾಡಿಸಿದರು, ಅಷ್ಟೇ.